ಸುದ್ದಿ ಹೇಳದ ಸೇವೆ



ಬೇತಮಂಗಲದ ಕೆರೆಯನ್ನು ಕುರಿತು ನಾನು ಬರೆದ ಲೇಖನಕ್ಕೆ ನಿಮ್ಮಲ್ಲಿ ಅನೇಕರು ಪ್ರೀತಿಯಿಂದ ಪತ್ರ ಬರೆದಿದ್ದಿರಿ. ಒಂದಕ್ಕೂ ಸಕಾಲದಲ್ಲಿ ಉತ್ತರಿಸಲಾಗಲಿಲ್ಲ. ಮೇಷ್ಟ್ರಿಗೆ ಮೈಗೆ ಹುಷಾರಿಲ್ಲವೇನೋ ಎಂದು ಇಬ್ಬರು ಫೋನು ಮಾಡಿ ವಿಚಾರಿಸಿದ್ದೂ ಆಯಿತು. ನನ್ನ ಮೈ ಚೆನ್ನಾಗಿಯೇ ಇತ್ತು. ಹುಷಾರು ತಪ್ಪಿದ್ದು ನಮ್ಮ ಬೀದಿಯ ಅಂತರ್ಜಾಲಕ್ಕೆ. ನಾಲ್ಕು ದಿನ ಅದು ಮಲಗಿಬಿಟ್ಟಿತ್ತು. ಯಾಕೆ ಮಲಗಿತು, ಯಾವಾಗ ಏಳುತ್ತದೆ ಎಂದು ಹೇಳುವವರೇ ಇರಲಿಲ್ಲ. ಆದ್ದರಿಂದ ಈ ಸಲ ನೆನಪುಗಳನ್ನು ಸ್ವಲ್ಪ ಬದಿಗಿಟ್ಟು ಜಗಳವಾಡಲು ಕುಳಿತಿದ್ದೇನೆ. ತರಗತಿಯಲ್ಲಿ ನನ್ನ ಕೋಪವನ್ನು ಕಂಡವರಿಗೆ ಇದು ಹೊಸದೇನಲ್ಲ.

ನಮ್ಮ ರಾಬರ್ಟ್‌ಸನ್‌ಪೇಟೆಯ ಬೀದಿಗೆ ಅಂತರ್ಜಾಲ ಕೊಡುವವರು ಒಂದು ಸಣ್ಣ ಸಂಸ್ಥೆಯವರು. ಮೊದಲು ಟಿವಿಗೆ ಕೇಬಲ್ ಎಳೆಯುತ್ತಿದ್ದವರು. ಈಗ ಅವೇ ಕಂಬಗಳ ಮೇಲೆ ಫೈಬರ್ ಎಳೆದಿದ್ದಾರೆ. ಹೆಸರನ್ನು ಹೇಳುವುದಿಲ್ಲ. ಹೇಳಿದರೆ ಜಗಳ ಅವರೊಬ್ಬರ ಮೇಲಿನದಾಗಿಬಿಡುತ್ತದೆ. ನಾನು ಹೇಳಬೇಕೆಂದಿರುವ ಮಾತು ಇಂಥ ಎಲ್ಲರಿಗೂ ಅನ್ವಯಿಸುತ್ತದೆ.

ಸುದ್ದಿ ಕಳಿಸುವುದರಲ್ಲಿ ಅವರು ಹಿಂದೆ ಬಿದ್ದವರಲ್ಲ. ವಾರಕ್ಕೆರಡು ಸಲವಾದರೂ ನನ್ನ ಮೊಬೈಲಿಗೆ ಅವರ ಇಂಗ್ಲಿಷ್ ಸಂದೇಶ ಬರುತ್ತದೆ. ಹೊಸ ವೇಗ ಬಂದಿದೆ, ಹೊಸ ರೌಟರ್ ಬಂದಿದೆ, ಮುನ್ನೂರು ಎಂಬಿಪಿಎಸ್‌ಗೆ ಏರಿರಿ, ಹಬ್ಬದ ಕೊಡುಗೆಯಾಗಿ ಸಿನಿಮಾ ಉಚಿತ... ಹೀಗೆ. ಇಷ್ಟೆಲ್ಲ ಸುದ್ದಿ ಹೇಳುವವರು ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಸಂಪರ್ಕ ಇರುವುದಿಲ್ಲ ಎಂಬ ಒಂದು ಸುದ್ದಿಯನ್ನು ಮಾತ್ರ ಹೇಳುವುದಿಲ್ಲ.

ಅಂದು ಸೋಮವಾರ. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಮೂರಕ್ಷರದ ಪಕ್ಕದ ಕೆಂಪು ದೀಪ ಮಿಣುಕುತ್ತಿತ್ತು. ಫೈಬರಿನಲ್ಲಿ ಬರಬೇಕಾದ ಬೆಳಕು ಮನೆಗೆ ತಲಪುತ್ತಿಲ್ಲ ಎಂದು ಅದರ ಅರ್ಥ. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದನ್ನು ಆರಿಸಿಯೇಬಿಟ್ಟಿದ್ದರು. ಕೊಡೆ ಹಿಡಿದು ಅವರ ಕಚೇರಿಗೇ ಹೋದೆ. ಮೇಜಿನ ಹಿಂದೆ ಕುಳಿತಿದ್ದ ಹುಡುಗ, "ಮೇಲಿಂದಾನೇ ಪ್ರಾಬ್ಲಮ್ ಸಾರ್, ಸಂಜೆಗೆಲ್ಲ ಬಂದ್ಬಿಡುತ್ತೆ" ಎಂದ. ನಾಲ್ಕು ಸಂಜೆಗಳು ಬಂದು ಹೋದವು. ಗುರುವಾರ ರಾತ್ರಿ ದೀಪ ಹಸಿರಾಯಿತು. ಕೂಡಲೇ ಒಂದು ಇಂಗ್ಲಿಷ್ ಸಂದೇಶವೂ ಬಂತು: ಅಭಿನಂದನೆಗಳು, ನಿಮ್ಮ ಸಂಪರ್ಕವನ್ನು ಉನ್ನತೀಕರಿಸಲಾಗಿದೆ!

ಮರುದಿನ ನಮ್ಮ ಬೀದಿಯ ಕಂಬಕ್ಕೆ ಏಣಿ ಒರಗಿಸಿ ನಿಂತಿದ್ದ ಕೆಲಸದ ಹುಡುಗನನ್ನು ವಿಚಾರಿಸಿದೆ. "ಹೊಸ ಮೆಷಿನ್ ಹಾಕಿದ್ರು ಸಾರ್. ಹೋದ್ ವಾರಾನೇ ಗೊತ್ತಿತ್ತು" ಎಂದ. ಅವನ ಮೇಲೆ ನನಗೆ ಕೋಪವಿಲ್ಲ. ನಿಜ ಹೇಳಿದವನು ಅವನೊಬ್ಬನೇ. ಆದರೆ ಆ ಮಾತು ಕೇಳಿದ ಮೇಲೆ ನನಗೆ ರಾತ್ರಿ ನಿದ್ರೆ ಬರಲಿಲ್ಲ. ಇದು ಆಕಸ್ಮಿಕವಾಗಿ ತಂತಿ ಕಡಿದು ಆದದ್ದಲ್ಲ. ಒಂದು ವಾರ ಮೊದಲೇ ಗೊತ್ತಿದ್ದುದನ್ನು ಹೇಳದೆ ಉಳಿಸಿಕೊಂಡದ್ದು.

ನಿದ್ರೆ ಬಾರದಿದ್ದುದಕ್ಕೆ ಕಾರಣವಿದೆ. ನಮ್ಮ ಎದುರುಮನೆಯ ಹುಡುಗಿಯ ಅಜ್ಜ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದವರು, ನನ್ನ ತಂದೆಯ ಜೊತೆಗಾರರು. ಆ ಸೋಮವಾರ ಹನ್ನೊಂದು ಗಂಟೆಗೆ ಅವಳಿಗೆ ಬೆಂಗಳೂರಿನ ಕಂಪನಿಯೊಂದರಿಂದ ಕಂಪ್ಯೂಟರಿನ ಮೂಲಕವೇ ಸಂದರ್ಶನವಿತ್ತು. ಮೊಬೈಲಿನಲ್ಲಿ ಪ್ರಯತ್ನಿಸಿದಳು; ಅವಳ ಮನೆಯೊಳಗೆ ಸಿಗ್ನಲ್ ನಿಲ್ಲುವುದಿಲ್ಲ, ಮಾತು ಮೂರು ಸಲ ಕಡಿದುಹೋಯಿತು. ಇನ್ನೊಂದು ದಿನ ಕರೆಯುತ್ತೇವೆ ಎಂದವರು ಮತ್ತೆ ಕರೆಯಲಿಲ್ಲ. ಭಾನುವಾರ ಸಂಜೆ ಒಂದು ಸಾಲಿನ ಸೂಚನೆ ಬಂದಿದ್ದರೆ ಅವಳು ಬಂಗಾರಪೇಟೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿ ಕುಳಿತುಕೊಳ್ಳುತ್ತಿದ್ದಳು. ಇಲ್ಲವೇ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹತ್ತಿ ಬೆಂಗಳೂರಿಗೇ ಹೋಗಿಬಿಡುತ್ತಿದ್ದಳು. ಕೆಲಸ ಸಿಗುತ್ತಿತ್ತೋ ಇಲ್ಲವೋ ನಾನರಿಯೆ. ಪರೀಕ್ಷೆಗೆ ಕೂರುವ ಅವಕಾಶವಾದರೂ ಇರುತ್ತಿತ್ತು.

"ನಾಲ್ಕು ದಿನ ವಾಟ್ಸಾಪ್ ಇಲ್ಲದಿದ್ದರೆ ಮುಳುಗಿಹೋಯಿತೆ ಸಾರ್?" ಎಂದು ಬೆಂಗಳೂರಿನಲ್ಲಿರುವ ನಿಮ್ಮಲ್ಲಿ ಕೆಲವರು ನಗಬಹುದು. ನಮ್ಮ ಊರು ಬೇರೆ, ಮಕ್ಕಳೇ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಅಲ್ಲಿಂದೀಚೆಗೆ ಈ ಊರಿನ ಅನ್ನ ಬೆಂಗಳೂರಿನಲ್ಲಿದೆ. ಬೆಳಗಿನ ಜಾವ ಎದ್ದು, ಡಬ್ಬಿ ಕಟ್ಟಿಕೊಂಡು, ಊರಿಗಾಂ, ಕೋರಮಂಡಲ್, ಬಂಗಾರಪೇಟೆಯ ಮೇಲೆ ಸುಮಾರು ನೂರು ಕಿಲೋಮೀಟರ್ ಹೋಗಿ, ರಾತ್ರಿ ಅಷ್ಟೇ ದೂರ ಹಿಂದಿರುಗುವ ಜನರ ಊರಿದು. 2020ರ ಮಾರ್ಚಿನಲ್ಲಿ ಲಾಕ್‌ಡೌನಿನಿಂದ ಆ ರೈಲೂ ನಿಂತಾಗ ಕೆಲವು ಮನೆಗಳಲ್ಲಿ ಒಲೆ ಉರಿದದ್ದು ಅಂತರ್ಜಾಲದಿಂದ. ಮನೆಯಲ್ಲೇ ಕುಳಿತು ದುಡಿಯಬಹುದು ಎಂಬುದು ಆಗ ನಮ್ಮವರಿಗೆ ಮೊದಲ ಸಲ ಗೊತ್ತಾಯಿತು. ಗಣಿ ಹೋಯಿತು, ರೈಲು ಉಳಿಯಿತು; ಈಗ ಈ ಫೈಬರ್ ಇನ್ನೊಂದು ರೈಲು. ರೈಲು ಬರುವುದಿಲ್ಲವೆಂದರೆ ನಿಲ್ದಾಣದಲ್ಲಿ ಹೇಳುತ್ತಾರೆ. ಇವರೇಕೆ ಹೇಳಬಾರದು?

ಹೊಸ ತಂತ್ರಜ್ಞಾನ ಮೊದಲು ಬಂತೆಂಬ ಹೆಮ್ಮೆ ನಮ್ಮ ಊರಿಗೆ ಹಳೆಯದು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಇಲ್ಲಿಗೆ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರಲ್ಲಿ. ಇದನ್ನು ನಾನೂ ತರಗತಿಯಲ್ಲಿ ಎದೆಯುಬ್ಬಿಸಿ ಹೇಳಿದವನೇ. ಆದರೆ ಆ ವಿದ್ಯುತ್ತನ್ನು ತಂದದ್ದು ಗಣಿಯ ಯಂತ್ರಗಳನ್ನು ನಡೆಸಲೆಂದು, ಲೈನ್‌ಮನೆಗಳಲ್ಲಿ ನಮ್ಮ ಅಜ್ಜಂದಿರು ಓದಲೆಂದಲ್ಲ. ಊರಿಗೆ ಒಂದು ವಸ್ತು ಬಂದ ಮಾತ್ರಕ್ಕೆ ಊರಿನವರಿಗೆ ಬಂದಂತಾಗುವುದಿಲ್ಲ. ಮುನ್ನೂರು ಎಂಬಿಪಿಎಸ್ ಸುದ್ದಿಯನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನೂ ಒಂದು ನೆನಪಿದೆ. ಗಣಿ ಮೂರು ಕಿಲೋಮೀಟರಿಗಿಂತ ಆಳವಿತ್ತು. ಕೆಳಗೆ ಬಂಡೆ ಸಿಡಿದರೆ ಮೇಲೆ ನಮ್ಮ ಅಡುಗೆಮನೆಯ ಪಾತ್ರೆಗಳು ಅಲುಗುತ್ತಿದ್ದವು. ಅಮ್ಮ ಕೈಯಲ್ಲಿದ್ದುದನ್ನು ಬಿಟ್ಟು ಷಾಫ್ಟಿನ ಕಡೆ ಓಡುತ್ತಿದ್ದಳು. ಬೀದಿಯ ಹೆಂಗಸರೆಲ್ಲ ಓಡುತ್ತಿದ್ದರು. ಒಮ್ಮೆ ಹಾಗೆ ನಿಂತಿದ್ದಾಗ ಒಬ್ಬರು ಹೊರಗೆ ಬಂದು, "ನಿಮ್ಮ ಯಜಮಾನ್ರು ಆ ಕಡೆ ಇಲ್ಲಮ್ಮ, ಮನೆಗೆ ಹೋಗಿ" ಎಂದರು. ಅಮ್ಮ ಅಲ್ಲಿಯೇ ನೆಲದ ಮೇಲೆ ಕುಳಿತು ಅತ್ತಳು. ಆ ಸಾವುಬದುಕಿನ ಮಾತನ್ನೂ ಈ ಅಂತರ್ಜಾಲದ ಮಾತನ್ನೂ ಒಂದೇ ತಕ್ಕಡಿಯಲ್ಲಿಡುವಷ್ಟು ಅರಳುಮರಳು ನನಗಿನ್ನೂ ಬಂದಿಲ್ಲ. ಕಾಯುವವರಿಗೆ ಒಂದು ಮಾತು ಹೇಳುವುದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ಕಲಿತದ್ದು ಅಲ್ಲಿ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಲೆಕ್ಕ. ಗಣಿತದ ಮೇಷ್ಟ್ರು ಲೆಕ್ಕವಿಲ್ಲದೆ ಜಗಳವಾಡಿದರೆ ನೀವು ನಂಬುವುದಿಲ್ಲ. ಜಾಹೀರಾತಿನಲ್ಲಿ ತಿಂಗಳಿಗೆ 499 ರೂಪಾಯಿ ಎಂದಿರುತ್ತದೆ. ಶೇಕಡಾ 18 ಜಿಎಸ್‌ಟಿ ಸೇರಿದರೆ 588 ರೂಪಾಯಿ 82 ಪೈಸೆ. ತಿಂಗಳು ಎಂದರೆ ಅವರಿಗೆ ಮೂವತ್ತು ದಿನ; ಹನ್ನೆರಡು ಸಲ ಕಟ್ಟಿದರೆ 360 ದಿನ. ವರ್ಷದ ಉಳಿದ ಐದು ದಿನಕ್ಕೆ ಮತ್ತೆ ಕಟ್ಟಬೇಕು. ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ನೂರು ಮೆಗಾಬಿಟ್. ನಾವು ಕಡತಗಳನ್ನು ಅಳೆಯುವುದು ಮೆಗಾಬೈಟಿನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. ಎಂಟರಿಂದ ಭಾಗಿಸಿದರೆ ಉಳಿಯುವುದು ಹನ್ನೆರಡೂವರೆ. ಇದು ಮೋಸವಲ್ಲ, ಆದರೆ ಬಿಡಿಸಿ ಹೇಳುವವರೂ ಇಲ್ಲ. ನಾಲ್ಕು ದಿನ ಸೇವೆ ಇರಲಿಲ್ಲವಲ್ಲ, ಅದರ ಬಾಬ್ತು 78 ರೂಪಾಯಿ 51 ಪೈಸೆಯನ್ನು ವಾಪಸು ಕೊಡಿ, ಇಲ್ಲವೇ ನಾಲ್ಕು ದಿನ ಸೇರಿಸಿ ಎಂದು ಕೇಳಿದೆ. ಹುಡುಗ ನಕ್ಕ. ಹಣವನ್ನು ಮುಂಗಡವಾಗಿ ಕಟ್ಟಿದ್ದೇವಲ್ಲ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ತೆರೆದದ್ದು 1995ರ ಆಗಸ್ಟ್ 15ರಂದು. ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು 2004ರ ನೀತಿಯಲ್ಲಿ 256 ಕೆಬಿಪಿಎಸ್ ಸಾಕಾಗಿತ್ತು. 2013ರಲ್ಲಿ ಅದು 512 ಆಯಿತು, 2023ರಲ್ಲಿ ಎರಡು ಎಂಬಿಪಿಎಸ್ ಆಯಿತು. ವೇಗದ ವ್ಯಾಖ್ಯಾನ ಎರಡು ಸಲ ಬದಲಾಗಿದೆ. "ಸಂಜೆಗೆಲ್ಲ ಬಂದ್ಬಿಡುತ್ತೆ" ಎಂಬ ಉತ್ತರ ಮಾತ್ರ ಡಯಲಪ್ ಕಾಲದಲ್ಲಿ ಕೇಳಿದ್ದೇ ಇಂದಿಗೂ ಉಳಿದಿದೆ.

ಸಣ್ಣವರ ಕಷ್ಟವೂ ನನಗೆ ಗೊತ್ತಿಲ್ಲದೆ ಇಲ್ಲ. 1998ರಲ್ಲಿ ಸರ್ಕಾರ ಖಾಸಗಿಯವರಿಗೆ ಬಾಗಿಲು ತೆರೆದಾಗ ಪರವಾನಗಿಯಲ್ಲಿ ಮೂರು ದರ್ಜೆ ಮಾಡಿತು: ಇಡೀ ದೇಶಕ್ಕೆ ಒಂದು, ರಾಜ್ಯದಷ್ಟು ದೊಡ್ಡ ವಲಯಕ್ಕೆ ಒಂದು, ಜಿಲ್ಲೆಯಷ್ಟು ಸಣ್ಣ ಪ್ರದೇಶಕ್ಕೆ ಒಂದು. ಸಣ್ಣವನೂ ಬದುಕಲಿ ಎಂಬ ಆಶಯ ಅದರಲ್ಲಿತ್ತು. ನಮ್ಮವರು ದೊಡ್ಡವರಿಂದ ಸಗಟಾಗಿ ಕೊಂಡು ನಮಗೆ ಚಿಲ್ಲರೆಯಾಗಿ ಮಾರುತ್ತಾರೆ. ರಸ್ತೆ ಅಗೆಯುವವರು ಕೇಬಲ್ ಕಡಿಯುತ್ತಾರೆ. ಮಳೆಗಾಲದಲ್ಲಿ ಮರದ ಕೊಂಬೆ ಬೀಳುತ್ತದೆ. ದೊಡ್ಡ ಕಂಪನಿಗಳು ಮೊಬೈಲು, ಟಿವಿ, ಅಂತರ್ಜಾಲವನ್ನೆಲ್ಲ ಒಂದೇ ಗಂಟು ಕಟ್ಟಿ ಮಾರುತ್ತವೆ. ಈ ಸಣ್ಣವರು ಅಳಿದರೆ ನಾಳೆ ಕೊಡೆ ಹಿಡಿದು ಹೋಗಿ ಜಗಳವಾಡಲು ಊರಿನಲ್ಲಿ ಒಂದು ಮೇಜೂ ಇರುವುದಿಲ್ಲ. ಇವರು ಉಳಿಯಬೇಕು ಎಂದೇ ಬಯ್ಯುತ್ತಿದ್ದೇನೆ.

ಬಡತನ ಸೇವೆಯ ಗುಣಕ್ಕೆ ನೆಪವಾಗಬಹುದು, ಮೌನಕ್ಕೆ ನೆಪವಾಗದು. ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು; ನಾಳೆ ಇರುವುದಿಲ್ಲ ಎಂದು ಹೇಳಲು ಏನು ಬೇಕು? ಹಬ್ಬದ ಕೊಡುಗೆಯನ್ನು ಕಳಿಸಿದ ಅದೇ ಮೊಬೈಲು ಸಾಲದೆ?

ಆದ್ದರಿಂದ ನಾನೇ ಒಂದು ಮಾದರಿ ಪ್ರಕಟಣೆಯನ್ನು ಬರೆದು ಮಾಲೀಕರಿಗೆ ಕೊಟ್ಟು ಬಂದೆ. ನಾಲ್ಕೇ ವಾಕ್ಯ: "ಬುಧವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಈ ಬೀದಿಗಳಲ್ಲಿ ಸಂಪರ್ಕ ಇರುವುದಿಲ್ಲ. ಕಾರಣ, ಹೊಸ ಯಂತ್ರದ ಅಳವಡಿಕೆ. ತಡವಾದರೆ ಸಂಜೆ 5ಕ್ಕೆ ಮತ್ತೆ ತಿಳಿಸುತ್ತೇವೆ. ನಿಂತ ದಿನಗಳನ್ನು ನಿಮ್ಮ ಅವಧಿಗೆ ಸೇರಿಸುತ್ತೇವೆ." ಇದು ಕನ್ನಡದಲ್ಲಿರಲಿ, ತಮಿಳಿನಲ್ಲಿರಲಿ, ಬೇಕಾದರೆ ಇಂಗ್ಲಿಷಿನಲ್ಲೂ ಇರಲಿ. ಕೆಜಿಎಫ್‌ನಲ್ಲಿ ಒಂದೇ ಬೀದಿಯಲ್ಲಿ ನಾಲ್ಕು ಭಾಷೆ ಆಡುತ್ತೇವೆ. ಬರೀ ಇಂಗ್ಲಿಷ್ ಸಂದೇಶವನ್ನು ಓದಿ ಅರ್ಥಮಾಡಿಕೊಳ್ಳಲು ಅಜ್ಜಿಯರು ಮೊಮ್ಮಕ್ಕಳು ಮನೆಗೆ ಬರುವವರೆಗೆ ಕಾಯಬೇಕೆ?

ಮಾಲೀಕರು ಮರ್ಯಾದಸ್ಥರು. ಕಾಫಿ ತರಿಸಿದರು, ಓದಿದರು. ಆಮೇಲೆ, "ಹೀಗೆಲ್ಲ ಬರೆದು ಹಾಕಿದ್ರೆ ಜನ ಬೇರೆ ಕಂಪನಿಗೆ ಹೋಗ್ಬಿಡ್ತಾರೆ ಸಾರ್" ಎಂದರು. ಅವರ ಭಯ ಅರ್ಥವಾಯಿತು. ಆದರೆ ಎದುರುಮನೆಯವರು ಆಗಲೇ ಹೋಗಿಬಿಟ್ಟಿದ್ದರು. ಸಂಪರ್ಕ ನಿಂತದ್ದಕ್ಕೆ ಹೋದವರಲ್ಲ; ಕೇಳಿದಾಗ ಉತ್ತರ ಸಿಗಲಿಲ್ಲವೆಂದು ಹೋದವರು. ಇದನ್ನು ಅವರಿಗೆ ಹೇಳಿಯೇ ಎದ್ದು ಬಂದೆ.

ನಿಮಗೂ ಒಂದು ಮಾತು. ಇಂಥ ದೂರನ್ನು ಗ್ರಾಹಕರ ಆಯೋಗಕ್ಕೆ ಒಯ್ಯುವಂತಿಲ್ಲ ಎಂಬ ಭಾವನೆ ಬಹಳ ಕಾಲ ಇತ್ತು; 2009ರ ಒಂದು ತೀರ್ಪು ಅದಕ್ಕೆ ಕಾರಣ. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು, ದೂರಸಂಪರ್ಕವೂ ಗ್ರಾಹಕ ಕಾಯಿದೆಯ ಅರ್ಥದಲ್ಲಿ ಸೇವೆಯೇ, ಆಯೋಗಕ್ಕೆ ಹೋಗಬಹುದು ಎಂದು ಹೇಳಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ. ಆದರೆ ಮೊದಲು ನಿಮ್ಮ ಬೀದಿಯವರ ಬಳಿಗೇ ಹೋಗಿ, ಬರವಣಿಗೆಯಲ್ಲಿ ಕೇಳಿ, ದಿನಾಂಕ ಹಾಕಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಮನೆಯಲ್ಲಿ ಕುಳಿತು ಗೊಣಗುವುದು ದೂರಲ್ಲ. ನಿಮ್ಮಲ್ಲಿ ಹಲವರು ಇಂಥ ಕಂಪನಿಗಳಲ್ಲೇ ದೊಡ್ಡ ಹುದ್ದೆಯಲ್ಲಿದ್ದೀರಿ. "ಮೇಲಿಂದಾನೇ ಪ್ರಾಬ್ಲಮ್" ಎಂದು ನಮ್ಮ ಹುಡುಗ ಹೇಳುತ್ತಾನಲ್ಲ, ಆ ಮೇಲಿನವರು ನೀವೇ ಇರಬಹುದು. ಕೆಳಗಿನವನಿಗೆ ಸಮಯಕ್ಕೆ ಸರಿಯಾಗಿ ಹೇಳಿ. ಅವನು ನಮಗೆ ಹೇಳಲಿ.

ಶಾಲೆಗೆ ರಜೆಯಿದ್ದರೆ ಹಿಂದಿನ ದಿನವೇ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆವು. ಹತ್ತು ಮೈಲಿ ನಡೆದು ಬರುವ ಹುಡುಗನೊಬ್ಬ ಬೀಗ ಹಾಕಿದ ಬಾಗಿಲನ್ನು ನೋಡಿ ಹಿಂದಿರುಗಬಾರದು ಎಂದು. ಅದಕ್ಕೆ ಖರ್ಚಾಗುತ್ತಿದ್ದುದು ಒಂದು ತುಂಡು ಸೀಮೆಸುಣ್ಣ.

ಎದುರುಮನೆಯ ಹುಡುಗಿಗೆ ಮುಂದಿನ ವಾರ ಇನ್ನೊಂದು ಸಂದರ್ಶನವಿದೆಯಂತೆ. ಈ ಸಲ ರೈಲಿನಲ್ಲೇ ಹೋಗುತ್ತೇನೆ ಎಂದಿದ್ದಾಳೆ. ನೀವೆಲ್ಲ ಅವಳಿಗೆ ಒಳ್ಳೆಯದನ್ನು ಹಾರೈಸಿ.

ನಿಮ್ಮ ಪತ್ರಗಳಿಗೆ ಈ ವಾರ ಉತ್ತರ ಬರೆಯುತ್ತೇನೆ, ದೀಪ ಹಸಿರಾಗಿಯೇ ಉಳಿದರೆ.

ಇತಿ ನಿಮ್ಮ ಮೇಷ್ಟ್ರು