ಜೇನುಗೂಡಿನ ಒಡೆತನ

ಜೇನುಗೂಡಿನ ಹಿರಿಯ ನೊಣವನ್ನು ಅರಿಸ್ಟಾಟಲನು ಅರಸನೆಂದು ಬಗೆದಿದ್ದನು. ಅದು ಹೆಣ್ಣೆಂದು ಇಂಗ್ಲೆಂಡಿನ ಚಾರ್ಲ್ಸ್ ಬಟ್ಲರ್ 1609ರಲ್ಲಿ ತನ್ನ ಗ್ರಂಥದಲ್ಲಿ ಸಾರಿದನು. ಅರಸ ಹೋಗಿ ರಾಣಿ ಬಂದಳು. ಸಿಂಹಾಸನದ ಕಲ್ಪನೆ ಮಾತ್ರ ಹಾಗೆಯೇ ಉಳಿಯಿತು. ನಿಜವಾಗಿ ಈ ರಾಣಿಗೆ ಆಳುವ ಅಧಿಕಾರವೇ ಇಲ್ಲ.

ಅವಳ ದೇಹದಿಂದ ಹೊರಡುವ ದ್ರವ್ಯವೊಂದು ಗೂಡಿನಲ್ಲೆಲ್ಲ ಹರಡಿ ಅವಳ ಇರವನ್ನು ತಿಳಿಸುತ್ತಿರುತ್ತದೆ. ಮುಪ್ಪಿನಿಂದ ಅದು ಕುಂದಿತೆಂದರೆ ಕೆಲಸಗಾರ ನೊಣಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಎರಿಯ ನಡುಭಾಗದಲ್ಲಿ, ನೆಲಗಡಲೆಯ ಕಾಯಿಯಂತೆ ಕೆಳಮುಖವಾಗಿ ಜೋಲುವ ಕೆಲವೇ ಕೋಶಗಳನ್ನು ಕಟ್ಟುತ್ತವೆ. ಅವುಗಳಲ್ಲಿ ಬೆಳೆಯುವುದು ಬೇರೆ ಜಾತಿಯ ಮರಿಯಲ್ಲ. ಬೇರೆ ಕೋಶದಲ್ಲಿದ್ದರೆ ಅದೂ ಕೆಲಸಗಾರ ನೊಣವೇ ಆಗುತ್ತಿತ್ತು! ವ್ಯತ್ಯಾಸವೆಲ್ಲ ಆರೈಕೆಯದು. ದಾದಿನೊಣಗಳು ತಮ್ಮ ತಲೆಯ ಗ್ರಂಥಿಗಳಲ್ಲಿ ಒಸರುವ ರಾಜಶಾಹಿ ರಸವನ್ನು ಅದಕ್ಕೆ ಧಾರಾಳವಾಗಿ ಉಣಿಸುತ್ತವೆ. ಮೊಟ್ಟೆಯಿಟ್ಟ ಸುಮಾರು 16 ದಿನಗಳಲ್ಲಿ ಹೊಸ ರಾಣಿ ಹೊರಬರುತ್ತಾಳೆ.

ಇಂಥ ಕೋಶಗಳನ್ನು ಕಂಡೊಡನೆ, ನೊಣಗಳು ಪಾಲಾಗಿ ಹಾರಿಹೋಗುವುವೆಂದು ಹೆದರಿ ಚಿವುಟಿಹಾಕುವ ಸಾಕಣೆಗಾರರುಂಟು. ಅದು ದುಡುಕು. ಪಾಲಾಗುವಾಗ ಕಟ್ಟುವ ಕೋಶಗಳು ಹಲವು. ಅವು ಸಾಮಾನ್ಯವಾಗಿ ಎರಿಯ ಅಂಚಿನಲ್ಲಿರುತ್ತವೆ. ನಡುವಿನವನ್ನು ಕಿತ್ತರೆ ಹಳಬಳು ಸೊರಗಿ, ಹೊಸಬಳು ಹುಟ್ಟದೆ, ಕುಟುಂಬವೇ ಅಳಿದೀತು. ನೊಣಗಳ ತೀರ್ಮಾನವನ್ನು ನಂಬುವುದೇ ಲೇಸು. ಕೆಲವೊಮ್ಮೆ ತಾಯಿಮಗಳಿಬ್ಬರೂ ಒಂದೇ ಗೂಡಿನಲ್ಲಿ ಕೆಲಕಾಲ ಮೊಟ್ಟೆಯಿಡುವುದುಂಟು. ಬಳಿಕ ಮುದಿರಾಣಿ ಕಾಣೆಯಾಗುತ್ತಾಳೆ. ಗೂಡಿನ ಕೆಲಸ ನಿಲ್ಲುವುದಿಲ್ಲ.