ನೆನಪಿನಲ್ಲಿರುವುದೆಲ್ಲ ನಿಜವೇ?

ಮನುಷ್ಯನ ಸ್ಮರಣಶಕ್ತಿಯ ನಡೆ ವಿಚಿತ್ರವಾದುದು. ಬೇಕೆಂದು ಬಾಯಿಪಾಠ ಮಾಡಿದ ಸೂತ್ರವು ಪರೀಕ್ಷೆಯ ಕೊಠಡಿಯಲ್ಲಿ ಕೈಕೊಡುತ್ತದೆ. ಯಾರೂ ಕಲಿಸದ, ನಾವೂ ಕಲಿಯಬೇಕೆಂದು ಬಯಸದ ಸಾಬೂನಿನ ಹಾಡು ಮಾತ್ರ ಹತ್ತಾರು ವರ್ಷ ಕಳೆದರೂ ಒಂದಕ್ಷರ ತಪ್ಪದೆ ನಾಲಗೆಗೆ ಬರುತ್ತದೆ. ಬಾಗಲಕೋಟೆಯ ಕಾಲೇಜು ವಿದ್ಯಾರ್ಥಿಯಾಗಲಿ, ಇಳಕಲ್ಲಿನ ಮಗ್ಗದ ಮನೆಯ ಹುಡುಗಿಯಾಗಲಿ ಈ ಅನುಭವಕ್ಕೆ ಹೊರತಲ್ಲ. ದೂರದರ್ಶನದ ಜಾಹೀರಾತಿನ ಹಾಡು ನಮ್ಮ ಮನಸ್ಸಿನಲ್ಲಿ ಹೀಗೆ ಬೇರೂರಲು ಕಾರಣವೇನು? ಬೇರೂರಿದ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮೊದಲನೆಯದು ವಿಜ್ಞಾನದ ಪ್ರಶ್ನೆ, ಎರಡನೆಯದು ವಿವೇಕದ ಪ್ರಶ್ನೆ. ಇವೆರಡನ್ನೂ ಒಟ್ಟಿಗೆ ಕೇಳಿಕೊಳ್ಳುವುದು ಲೇಸು.

ಹಾಡಿನಿಂದ ಸರಕು ಮಾರುವ ಪದ್ಧತಿ ಹೊಸದಲ್ಲ. 1926ರ ಡಿಸೆಂಬರಿನಲ್ಲಿಯೇ ಅಮೆರಿಕದ ಮಿನಿಯಾಪೊಲಿಸ್ ನಗರದ ರೇಡಿಯೋದಲ್ಲಿ ಗೋಧಿಯ ತಿನಿಸೊಂದನ್ನು ಹೊಗಳುವ ಹಾಡು ಕೇಳಿಬಂದಿತ್ತು. ನಮ್ಮ ದೇಶದಲ್ಲಿ ವಿವಿಧಭಾರತಿಯು 1967ರಲ್ಲಿ, ದೂರದರ್ಶನವು 1976ರಲ್ಲಿ ಜಾಹೀರಾತುಗಳಿಗೆ ಬಾಗಿಲು ತೆರೆದವು. ಇಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಸಂಗತಿಯೊಂದುಂಟು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ, ಕೃಷಿ ಮತ್ತು ಆರೋಗ್ಯದ ಕಾರ್ಯಕ್ರಮಗಳನ್ನು ತೋರಿಸಲಾಯಿತು. ಕರ್ನಾಟಕದಲ್ಲಿ ಈ ಪ್ರಯೋಗಕ್ಕೆ ಆಯ್ದ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲೂಕುಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೀಗೆ ಈ ಸೀಮೆಗೆ ಶಾಲೆಯ ರೂಪದಲ್ಲಿ ಬಂದ ಪೆಟ್ಟಿಗೆಯೇ ಮುಂದೆ ಅಂಗಡಿಯೂ ಆಯಿತು.

ಆ ಅಂಗಡಿಯಿಂದ ಬಂದ ಹಾಡುಗಳಲ್ಲಿ ನಿರ್ಮಾ ಸಾಬೂನುಪುಡಿಯ ಹಾಡನ್ನು ಅರಿಯದವರು ವಿರಳ. ಸರಕಿನ ಹೆಸರೇ ಅದರ ಪಲ್ಲವಿ. ಹಿಂದಿ ಬಾರದವರಿಗೂ ಹೆಸರಷ್ಟು ಕಿವಿಗೆ ಬಿದ್ದರೆ ಮಾರುವವನಿಗೆ ಸಾಕು. ಟೈಟನ್ ಕೈಗಡಿಯಾರದ ರಾಗವಂತೂ ಮಾತನ್ನೇ ಬಿಟ್ಟುಕೊಟ್ಟಿತು. ಅದು ಮೊಜಾರ್ಟನು 1773ರಲ್ಲಿ ರಚಿಸಿದ 25ನೆಯ ಸಿಂಫನಿಯಿಂದ ಆಯ್ದುಕೊಂಡ ರಾಗ. ಗಡಿಯಾರದ ಕಾರ್ಖಾನೆಗಿಂತ ರಾಗವೇ ಇನ್ನೂರು ವರ್ಷ ಹಿರಿದು! ಗಡಿಯಾರ ಹೊತ್ತು ಸರಿಯಾಗಿ ತೋರಿಸುವುದೋ ಇಲ್ಲವೋ ಎಂಬುದನ್ನು ಆ ರಾಗವು ಹೇಳಲಾರದು. ಆದರೂ ರಾಗ ಕೇಳಿದೊಡನೆ ಗಡಿಯಾರದ ಹೆಸರು ಮನಸ್ಸಿಗೆ ಬರುತ್ತದೆ.

ಇದು ಹೇಗೆ ಸಾಧ್ಯ? ಕರೆಯದೆ ಬಂದು ತಲೆಯಲ್ಲಿ ಸುತ್ತುವ ಇಂತಹ ರಾಗವನ್ನು ಜರ್ಮನರು 'ಕಿವಿಯ ಹುಳು' ಎಂದು ಕರೆಯುತ್ತಾರೆ. ಬ್ರಿಟನ್ನಿನಲ್ಲಿ ಕೆಲಿ ಜಾಕುಬೊವ್‌ಸ್ಕಿ ಮತ್ತು ಸಂಗಡಿಗರು 3,000 ಮಂದಿಯಿಂದ ವಿವರ ಸಂಗ್ರಹಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಈ ರಾಗಗಳ ನಡೆ ಚುರುಕು. ಅವುಗಳ ಏರಿಳಿತ ಕಿವಿಗೆ ಪರಿಚಿತ. ನಡುವೆ ಮಾತ್ರ ಅನಿರೀಕ್ಷಿತವಾದ ಒಂದು ತಿರುವು. 1994ರಲ್ಲಿ ವಾಂಡಾ ವಾಲೆಸ್ ಎಂಬಾಕೆ ನಡೆಸಿದ ಪ್ರಯೋಗಗಳಲ್ಲಿ, ಒಂದೇ ಧಾಟಿ ಮರಳಿ ಮರಳಿ ಬಂದಾಗ, ಓದಿ ಕೇಳಿದ ಪದ್ಯಕ್ಕಿಂತ ಹಾಡಿ ಕೇಳಿದ ಪದ್ಯವು ಹೆಚ್ಚು ನೆನಪಿನಲ್ಲಿ ಉಳಿದುದು ಕಂಡುಬಂತು. ಲಯವು ಪ್ರತಿಯೊಂದು ಪದಕ್ಕೂ ಗೊತ್ತಾದ ಜಾಗವನ್ನು ಕೊಡುತ್ತದೆ. ಪದ ಮರೆತರೆ ಖಾಲಿ ಉಳಿದ ಜಾಗವೇ ಅದನ್ನು ಕೂಗಿ ಕರೆಯುತ್ತದೆ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ವಿಜ್ಞಾನಿಗಳು ಪರಿಚಿತ ಹಾಡುಗಳ ನಡುನಡುವೆ ಸದ್ದನ್ನು ಅಳಿಸಿ ಕೇಳಿಸಿದರು. ಆ ಮೌನದಲ್ಲಿಯೂ ಕೇಳುಗರ ಮಿದುಳಿನ ಶ್ರವಣಭಾಗವು ಕೆಲಸ ನಿಲ್ಲಿಸಲಿಲ್ಲ. ಹಾಡುವವನು ಸುಮ್ಮನಾದರೂ ಮಿದುಳು ಹಾಡನ್ನು ಮುಂದುವರಿಸಿತ್ತು.

ವಿಜ್ಞಾನಿಗಳು ಈಗ ಅಳೆದು ತೋರಿಸುತ್ತಿರುವ ಈ ಶಕ್ತಿಯನ್ನು ನಮ್ಮ ಹಿರಿಯರು ಬಳಕೆಯಿಂದಲೇ ಬಲ್ಲವರಾಗಿದ್ದರು. ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೆತ್ತಿದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿಗಳಿವೆ. ಅದೇ ತ್ರಿಪದಿಯು ಬೀಸುವ ಕಲ್ಲಿನ ಸುತ್ತಿಗೆ ಹೊಂದಿಕೊಂಡು, ಓದುಬರಹ ಅರಿಯದ ತಾಯಂದಿರ ಬಾಯಲ್ಲಿ ತಲೆಮಾರುಗಳ ಕಾಲ ಬಾಳಿತು. ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬಂಡೆದ್ದ ಕಥೆಯನ್ನು ಲಾವಣಿ ಉಳಿಸಿಕೊಟ್ಟಿತು. ಜಾನ್ ಫೇತ್‌ಫುಲ್ ಫ್ಲೀಟರು ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಆದರೆ ಇತಿಹಾಸಕಾರನು ಲಾವಣಿಯ ಮಾತನ್ನೂ ಕಾಗದಪತ್ರಗಳೊಡನೆ ಒರೆಗೆ ಹಚ್ಚಿ ನೋಡುತ್ತಾನೆ. ಹಾಡು ಸಂಗತಿಯನ್ನು ಕಾಪಿಡಬಲ್ಲದು; ಅದು ನಿಜವೆಂದು ಸಾಧಿಸಲಾರದು.

ನಾವು ಎಡವುವುದು ಇಲ್ಲಿಯೇ. 1977ರಲ್ಲಿ ಹ್ಯಾಷರ್, ಗೋಲ್ಡ್‌ಸ್ಟೀನ್, ಟೊಪಿನೊ ಎಂಬ ಮೂವರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೇಳಿಸಿದರು. ಮತ್ತೆ ಮತ್ತೆ ಕೇಳಿದ ಹೇಳಿಕೆಗಳು, ಸುಳ್ಳಾಗಿದ್ದಾಗಲೂ, ಕೇಳಿದವರಿಗೆ ಹೆಚ್ಚು ನಿಜವೆಂದು ತೋರಿದವು. ಪರಿಚಯವನ್ನೇ ಪ್ರಮಾಣವೆಂದು ಬಗೆಯುವುದು ಮನಸ್ಸಿನ ದೌರ್ಬಲ್ಯ. ನೂರು ಸಲ ಹಾಡಿದ ಹೆಸರು ಅಂಗಡಿಯ ಕಟ್ಟೆಯ ಮುಂದೆ ಹಳೆಯ ನೆಂಟನಂತೆ ಕಾಣುತ್ತದೆ.

ಹಾಡಿಗೆ ತಲೆದೂಗಿದರೆ ಏನು ನಷ್ಟವೆಂದು ಕೇಳುವವರುಂಟು. ತಲೆದೂಗಿದರೆ ನಷ್ಟವಿಲ್ಲ, ಆಯ್ಕೆಯನ್ನೂ ಹಾಡಿಗೆ ಒಪ್ಪಿಸಿದರೆ ನಷ್ಟವುಂಟು. ಸಾಬೂನಿನ ವಿಷಯದಲ್ಲಿ ಅದು ನಾಲ್ಕು ಕಾಸಿನದಿರಬಹುದು, ಎಲ್ಲ ಸರಕಿನಲ್ಲಿಯೂ ಹಾಗಲ್ಲ. ತಂಬಾಕಿನ ಜಾಹೀರಾತನ್ನು 2003ರ ಕಾಯಿದೆ ನಿಷೇಧಿಸಿದೆ. ಆದರೆ ಅದೇ ಹೆಸರು ಹೊತ್ತ ಏಲಕ್ಕಿಯೋ ಪಾನ್ ಮಸಾಲೆಯೋ ಪರದೆಯ ಮೇಲೆ ಬಂದರೆ ಪರಿಚಯದ ಕೆಲಸ ನಡೆದೇ ತೀರುತ್ತದೆ. ಇಂತಹ ಮರೆಯ ಜಾಹೀರಾತುಗಳನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2022ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಬೇಕಾಯಿತು. ಹೆಸರು ಕಲಿಯುವ ಎಳೆಯರಿಗೆ ಅದರ ಹಿಂದಿನ ಸರಕು ಯಾವುದೆಂದು ಯಾರು ಹೇಳಬೇಕು?

ಪರೀಕ್ಷಿಸಿ ಕೊಳ್ಳುವ ಬುದ್ಧಿಯನ್ನು ಕಲಿಯಲು ದೂರ ಹೋಗಬೇಕಿಲ್ಲ. ಇಳಕಲ್ ಸೀರೆಯನ್ನು ಅರಿತವರು ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಹಾಕಿದ ಕೊಂಡಿಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಸೆರಗು ರೇಷ್ಮೆಯದೋ ಅಲ್ಲವೋ ಎಂಬ ಸಂದೇಹ ಬಂದರೆ ಒಂದು ಎಳೆಯನ್ನು ಸುಟ್ಟರೆ ಸಾಕು. ರೇಷ್ಮೆಯು ಪ್ರೋಟೀನ್ ಆದುದರಿಂದ ಕೂದಲು ಸುಟ್ಟ ವಾಸನೆ ಬರುತ್ತದೆ; ರೇಯಾನ್ ಎಂಬ ಕೃತಕ ರೇಷ್ಮೆಯು ಸೆಲ್ಯುಲೋಸ್ ಆದುದರಿಂದ ಕಾಗದದಂತೆ ಉರಿಯುತ್ತದೆ. ಒಂದು ಎಳೆ ಹೇಳುವ ಈ ಸತ್ಯವನ್ನು ಯಾವ ಹಾಡೂ ಹೇಳಲಾರದು.

ಆದುದರಿಂದ ನಮ್ಮ ಶಾಲಾ ಕಾಲೇಜುಗಳ ವಿಜ್ಞಾನ ಸಂಘಗಳಿಗೆ ಎರಡು ಕೆಲಸಗಳನ್ನು ಸೂಚಿಸಬಯಸುತ್ತೇನೆ. ತಿಂಗಳಿಗೊಂದು ಜಾಹೀರಾತನ್ನು ಆಯ್ದುಕೊಂಡು, ರಾಗವನ್ನು ತೆಗೆದುಹಾಕಿ, ಉಳಿದ ಮಾತನ್ನು ಕಾಗದದ ಮೇಲೆ ಬರೆಯಿರಿ. ಪರೀಕ್ಷಿಸಬಹುದಾದ ಮಾತು ಅದರಲ್ಲಿ ಒಂದಾದರೂ ಇದೆಯೇ? ಇದ್ದರೆ ಪರೀಕ್ಷಿಸಿರಿ. ಒಂದೇ ಬಟ್ಟೆಯ ಎರಡು ತುಂಡುಗಳಿಗೆ ಒಂದೇ ಕಲೆ ಹಚ್ಚಿ, ಹೆಸರು ಮರೆಮಾಡಿದ ಎರಡು ಸಾಬೂನುಪುಡಿಗಳನ್ನು ಸಮತೂಕದಲ್ಲಿ ಬಳಸಿ, ಊರಿನ ಕೊಳವೆಬಾವಿಯ ನೀರಿನಲ್ಲಿಯೇ ಸಮಾನ ಕಾಲ ತೊಳೆಯಿರಿ. ನೊರೆಯ ಆರ್ಭಟಕ್ಕೆ ಮರುಳಾಗದೆ, ಕಲೆ ಎಷ್ಟು ಹೋಯಿತೆಂಬುದನ್ನೇ ನೋಡಿರಿ. ಹುನಗುಂದದ ಹೈಸ್ಕೂಲಿನಲ್ಲಿಯೂ ನಡೆಸಬಹುದಾದ ಪ್ರಯೋಗವಿದು.

ಎರಡನೆಯ ಕೆಲಸ, ಪರೀಕ್ಷೆಯಲ್ಲಿ ಗೆದ್ದ ಸತ್ಯಕ್ಕೆ ರಾಗ ಕಟ್ಟುವುದು. 1971ರಲ್ಲಿ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಾಲನಾಬಿಸರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಸಾವಿನ ಪ್ರಮಾಣವನ್ನು ಬಹಳವಾಗಿ ತಗ್ಗಿಸಿದರು. ಇಂದು ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಅದರ ಅಳತೆ ಸರಳವಾದುದು: ಒಂದು ಲೀಟರ್ ಶುದ್ಧ ನೀರು, ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ; ಆದ್ದರಿಂದಲೇ ಅಳತೆ ತಪ್ಪಬಾರದು. ತಪ್ಪಬಾರದ ಅಳತೆಯನ್ನು ಕಾಯಲು ತ್ರಿಪದಿಗಿಂತ ಒಳ್ಳೆಯ ಪಹರೆಯವನು ಯಾರು? ಬೀಸುವ ಕಲ್ಲು ಮೂಲೆ ಸೇರಿರಬಹುದು, ಲಯವು ಇನ್ನೂ ನಮ್ಮ ಕಿವಿಯಲ್ಲಿದೆ. ಮೊದಲು ಪರೀಕ್ಷೆ, ಆಮೇಲೆ ಹಾಡು: ಈ ಕ್ರಮವನ್ನು ತರುಣರು ಮರೆಯದಿರಲಿ.