ಓದಿನ ಯಂತ್ರವೊ, ಆಟದ ಯಂತ್ರವೊ?



2025ರ ಶ್ರಾವಣಮಾಸದಲ್ಲಿ ನಾವು ಹಿರಿಯೂರು ತಾಲ್ಲೂಕಿನ ಆದಿವಾಲಕ್ಕೆ ಹೋಗಿದ್ದೆವು. ಬಹುಕಾಲದ ಪರಿಚಯವುಳ್ಳ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಮುಗಿಸಿ ಪಡಸಾಲೆಯಲ್ಲಿ ಕುಳಿತಿರುವಾಗ ಮನೆಯ ಯಜಮಾನರು ಒಂದು ಕಾಗದವನ್ನು ನಮ್ಮ ಮುಂದಿರಿಸಿದರು. ಅದು ಅಂಗಡಿಯವರು ಬರೆದುಕೊಟ್ಟ ಲ್ಯಾಪ್‌ಟಾಪಿನ ದರಪಟ್ಟಿ. ಬೆಲೆ 90,000 ರೂಪಾಯಿ. ಅವರ ಮಗನಿಗೆ ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಸೀಟು ದೊರೆತಿತ್ತು. ತೆಂಗಿನಕಾಯಿ ಮಾರಿದ 40,000 ರೂಪಾಯಿ ಕೈಯಲ್ಲಿತ್ತು. ಉಳಿದ 50,000ಕ್ಕೆ ಮನೆಯೊಡತಿಯ ಅವಲಕ್ಕಿ ಸರವನ್ನು ಅಡವಿಡುವುದೆಂದು ಮಾತಾಗಿತ್ತು.

“ಅಯ್ನೋರೆ, ನೀವೇ ಒಂದು ಮಾತು ಹೇಳಿ. ಇದು ಓದೋಕೋ, ಆಟ ಆಡೋಕೋ, ನಮಗೆ ಹೆಂಗೆ ತಿಳೀಬೇಕು?” ಎಂದು ಯಜಮಾನರು ಕೇಳಿದರು.

ಮಗನು ತಲೆ ಎತ್ತದೆ, “ಕಾಲೇಜಲ್ಲೇ ಇಂಥದ್ದು ಬೇಕು ಅಂದಿದಾರೆ” ಎಂದನು.

ಹಿರಿಯೂರು ಸೀಮೆಯ ತೆಂಗಿನ ಹಣವೆಂದರೆ ಎಂಥದೆಂಬುದನ್ನು ಆ ಭಾಗದವರಿಗೆ ಹೇಳಬೇಕಾಗಿಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಅದಕ್ಕೆ ಮುಂಚಿನ ಬರದ ವರ್ಷಗಳಲ್ಲಿ ಬೋರು ಬತ್ತಿ, ಸುಳಿ ಒಣಗಿದ ಮರಗಳನ್ನು ಕಡಿದು ಹಾಕಿದವರಲ್ಲಿ ಈ ಯಜಮಾನರೂ ಒಬ್ಬರು. ಉಳಿದ ಮರಗಳ ಫಲವೇ ಆ 40,000 ರೂಪಾಯಿ.

ಮಠದ ಪಾಠಶಾಲೆಯಲ್ಲಿ ಹಲಗೆ ಬಳಪ ಹಿಡಿದು ಓದಿದ ನಮಗೆ ಇಂಥ ಯಂತ್ರದ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವೆಲ್ಲಿಯದು? ಆದರೂ “ಆಟಗೀಟವೆಲ್ಲ ಬೇಡ, ಓದಿಗೆ ಬೇಕಾದುದನ್ನು ಕೊಡಿಸಿರಿ” ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಚಿತ್ರದುರ್ಗದಲ್ಲಿ ಗಣಕವಿಜ್ಞಾನದ ಅಧ್ಯಾಪಕರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರ ನೆನಪಾಯಿತು. ಹೇಳಿಕಳುಹಿಸಿದೆವು. ಮುಂದಿನ ಭಾನುವಾರ ಅವರು ಬಸ್ಸು ಹಿಡಿದು ಆದಿವಾಲಕ್ಕೆ ಬಂದರು. ಅಂದು ಆ ಪಡಸಾಲೆಯಲ್ಲಿ ನಾವು ಕಲಿತುದನ್ನು ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಎಲ್ಲ ಮನೆಗಳ ಪ್ರಯೋಜನಕ್ಕಾಗಿ ಇಲ್ಲಿ ಬರೆಯುತ್ತಿದ್ದೇವೆ.

ಯಂತ್ರದ ಒಳಗಿರುವ ನಾಲ್ಕು ಅಂಗಗಳನ್ನು ಮೊದಲು ತಿಳಿಯಬೇಕು. ಪ್ರೊಸೆಸರ್ ಎಂಬುದು ಲೆಕ್ಕ ಮಾಡುವ ತಲೆ. ರ‍್ಯಾಮ್ ಎಂಬುದು ಓದುವಾಗ ಗ್ರಂಥಗಳನ್ನು ಬಿಡಿಸಿಡುವ ವ್ಯಾಸಪೀಠವಿದ್ದಂತೆ. ಅದು ವಿಶಾಲವಾಗಿದ್ದಷ್ಟೂ ಏಕಕಾಲಕ್ಕೆ ಹೆಚ್ಚು ಗ್ರಂಥಗಳನ್ನು ತೆರೆದಿಡಬಹುದು. ಎಸ್‌ಎಸ್‌ಡಿ ಎಂಬುದು ಗ್ರಂಥಭಂಡಾರ. ಯಂತ್ರವನ್ನು ಆರಿಸಿದರೂ ಅದರಲ್ಲಿರುವುದು ಉಳಿಯುತ್ತದೆ. ನಾಲ್ಕನೆಯದು ಗ್ರಾಫಿಕ್ಸ್, ಅಂದರೆ ತೆರೆಯ ಮೇಲೆ ಚಿತ್ರ ಬಿಡಿಸುವ ಭಾಗ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಈ ಕೆಲಸವನ್ನು ಪ್ರೊಸೆಸರಿನೊಳಗಿನ ಒಂದು ಭಾಗವೇ ನಿರ್ವಹಿಸುತ್ತದೆ. ಆಟದ ಲ್ಯಾಪ್‌ಟಾಪಿನಲ್ಲಿ ಅದಕ್ಕೆಂದೇ ಬೇರೊಂದು ಕಾರ್ಡು, ಅದಕ್ಕೆ ಸ್ವಂತದ ನೆನಪು ಇರುತ್ತವೆ. ಸಾವಿರಾರು ಸಣ್ಣ ಲೆಕ್ಕಗಳನ್ನು ಒಟ್ಟಿಗೇ ಮಾಡಿ, ಕ್ಷಣಕ್ಷಣಕ್ಕೂ ಬದಲಾಗುವ ದೃಶ್ಯವನ್ನು ಮೂಡಿಸುವ ಶಕ್ತಿ ಈ ಕಾರ್ಡಿನದು. ದರಪಟ್ಟಿಯಲ್ಲಿದ್ದ ಬೆಲೆಯ ಒಂದು ದೊಡ್ಡ ಪಾಲು ಹೋಗುತ್ತಿದ್ದುದು ಇದಕ್ಕೇ.

ಇನ್ನು ಯಾವ ಓದಿಗೆ ಯಾವ ಯಂತ್ರ? ಬಿ.ಎ., ಬಿ.ಕಾಂ., ಬಿ.ಎಸ್‌ಸಿ. ಓದುವವರಿಗೆ ಬರೆಯುವುದು, ಲೆಕ್ಕಪತ್ರ, ಪಾಠ ನೋಡುವುದು, ಕನ್ನಡ ಬೆರಳಚ್ಚು ಇಷ್ಟೇ ಮುಖ್ಯ. 8 ಜಿಬಿ ರ‍್ಯಾಮ್ ಇರುವ ಸಾಧಾರಣ ಯಂತ್ರದಲ್ಲಿ ಇವೆಲ್ಲ ಸಾಗುತ್ತವೆ. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಉತ್ತಮ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ಒಳಿತು. ಪ್ರೋಗ್ರಾಮು ಬರೆಯುವುದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಕೃತಕ ಬುದ್ಧಿಮತ್ತೆಯ ಪಾಠಗಳಿಗೆ ಅಂಥ ಕಾರ್ಡು ಬೇಕಾದಾಗಲೂ ಗೂಗಲ್ ಕೊಲ್ಯಾಬ್‌ನಂಥ ಸೇವೆಗಳ ಮೂಲಕ ದೂರದ ಯಂತ್ರವನ್ನು ಒಂದು ಮಿತಿಯವರೆಗೆ ಉಚಿತವಾಗಿ ಬಳಸಬಹುದು. ಮೆಕ್ಯಾನಿಕಲ್, ಸಿವಿಲ್, ವಾಸ್ತುಶಿಲ್ಪ, ಅನಿಮೇಷನ್ ಓದುವವರ ಮಾತು ಬೇರೆ. ಮೂರು ಆಯಾಮದ ದೊಡ್ಡ ನಕ್ಷೆಗಳನ್ನು ತಿರುಗಿಸಿ ನೋಡುವಾಗ ಅವರಿಗೆ ಪ್ರತ್ಯೇಕ ಕಾರ್ಡು ನಿಜವಾಗಿಯೂ ನೆರವಾಗುತ್ತದೆ. ಸಾಲಿಡ್‌ವರ್ಕ್ಸ್, ರೆವಿಟ್ ಮೊದಲಾದ ತಂತ್ರಾಂಶಗಳು ವಿಂಡೋಸ್‌ಗೆಂದೇ ರಚಿತವಾದವು. ಆದುದರಿಂದ ಇಂಥ ಮಕ್ಕಳು ಆಪಲ್ ಯಂತ್ರ ಕೊಳ್ಳುವ ಮುನ್ನ ಕಾಲೇಜಿನಲ್ಲಿ ವಿಚಾರಿಸಬೇಕು.

ಇಷ್ಟು ವಿವರಿಸಿದ ಮೇಲೆ ಅಧ್ಯಾಪಕರು ಹುಡುಗನ ಕಡೆಗೆ ತಿರುಗಿದರು. ಅವನು ಹೇಳಿದ್ದು ಸುಳ್ಳೆಂದು ಅವರಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಅವರು ಗದರಲಿಲ್ಲ. “ಯಾವ ಆಟ ಆಡ್ತೀಯಪ್ಪ?” ಎಂದು ಸಹಜವಾಗಿ ಕೇಳಿದರು. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗ ಮುಖವೆತ್ತಿದನು. ವ್ಯಾಲೊರಂಟ್, ಮೈನ್‌ಕ್ರಾಫ್ಟ್ ಎಂದು ಹೆಸರು ಹೇಳಿದನು. ಹೊಸದುರ್ಗದ ಗೆಳೆಯನೊಡನೆ ಆಡುವುದನ್ನು ವರ್ಣಿಸಿದನು. ಕೊನೆಗೆ ತಾನಾಗಿಯೇ, “ಕಾಲೇಜವರು ಏನೂ ಹೇಳಿಲ್ಲ ಸಾರ್. ನಾನೇ ಹಂಗಂದೆ” ಎಂದನು.

ಬಂಧುಗಳೆ, ಆ ಕ್ಷಣದಲ್ಲಿ ನಮಗೆ ನಮ್ಮ ಬಾಲ್ಯ ನೆನಪಾಯಿತು. ಮಠದಲ್ಲಿ ಗೋಲಿಯಾಟಕ್ಕೆ ನಿಷೇಧವಿತ್ತು. ನಾವು ಹಿತ್ತಲಿನ ಬೇಲಿಯ ಮರೆಯಲ್ಲಿ ಆಡುತ್ತಿದ್ದೆವು. ಕೇಳಿದರೆ ಪತ್ರೆ ಕೀಳಲು ಹೋಗಿದ್ದೆವೆನ್ನುತ್ತಿದ್ದೆವು. ನಿಷೇಧವು ನಮ್ಮ ಆಟವನ್ನು ಬಿಡಿಸಲಿಲ್ಲ, ಸುಳ್ಳನ್ನು ಮಾತ್ರ ಕಲಿಸಿತು. ಆಟವೆಂದೊಡನೆ ಹಿರಿಯರು ಮುಖ ಸಿಂಡರಿಸಿದರೆ ಮಕ್ಕಳು ಅದಕ್ಕೆ ಓದಿನ ಹೊದಿಕೆ ಹೊದಿಸುತ್ತಾರೆ. ಆ ಹೊದಿಕೆಯ ಬೆಲೆಯನ್ನು ತೆರಬೇಕಾದವರು ತಾಯಿತಂದೆಗಳೇ.

ಸತ್ಯವು ಹೊರಬಿದ್ದ ಮೇಲೆ ಲೆಕ್ಕ ಸುಲಭವಾಯಿತು. ಅವನು ಹೆಸರಿಸಿದ ಎರಡು ಆಟಗಳೂ ಪ್ರತ್ಯೇಕ ಕಾರ್ಡಿಲ್ಲದ ಹೊಸ ಲ್ಯಾಪ್‌ಟಾಪಿನಲ್ಲಿ, ಚಿತ್ರದ ಸೊಗಸನ್ನು ತುಸು ತಗ್ಗಿಸಿಕೊಂಡರೆ, ಸಾಕಷ್ಟು ಚೆನ್ನಾಗಿಯೇ ನಡೆಯುತ್ತವೆಂದು ಅಧ್ಯಾಪಕರು ತಿಳಿಸಿದರು. ಭಾರಿ ಆಟಗಳಾದರೆ ಸಂಗತಿ ಬೇರೆ. ಒಂದೊಂದೇ 100 ಜಿಬಿಗಿಂತ ಹೆಚ್ಚು ಜಾಗವನ್ನು ನುಂಗುವ ಆಟಗಳುಂಟು.

ಆಟದ ಯಂತ್ರಕ್ಕೆ ಬೇರೆ ಹೊರೆಗಳೂ ಇವೆ. ಅದರ ತೂಕ ಸಾಮಾನ್ಯವಾಗಿ ಎರಡು ಕಿಲೋಗೂ ಹೆಚ್ಚು. ದಪ್ಪ ಚಾರ್ಜರು ಅದಕ್ಕೆ ಸೇರಿದ್ದು. ನಿತ್ಯವೂ ಬೆನ್ನಿಗೇರಿಸಿ ಬಸ್ಸು ಹತ್ತುವವನಿಗೆ ಇದು ಸಣ್ಣ ಮಾತಲ್ಲ. ವಿದ್ಯುತ್ ಹೋದಾಗ ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿ ಬಾಳುವಷ್ಟು ಹೊತ್ತು ಅದರ ಬ್ಯಾಟರಿ ಸಾಮಾನ್ಯವಾಗಿ ಬಾಳದು. ಅದು ಬೇಗ ಕಾಯುತ್ತದೆ. ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಬಿಸಿಲು ಮತ್ತು ಧೂಳಿನಲ್ಲಿ ಯಾವ ಲ್ಯಾಪ್‌ಟಾಪನ್ನೂ ಹಾಸಿಗೆಯ ಮೇಲಿಟ್ಟು ಬಳಸಬಾರದು. ಕೆಳಗಿನ ಗಾಳಿಕಿಂಡಿ ಮುಚ್ಚಿಹೋಗುತ್ತದೆ.

ಅಂಥ ಯಂತ್ರವನ್ನೇ ಕೊಳ್ಳುವ ಅಗತ್ಯವಿರುವವರು ಕಾರ್ಡಿನ ಹೆಸರಿಗೆ ಮರುಳಾಗದಿರಲಿ. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗಿನ ಬೇರೆ ಬೇರೆ ಶಕ್ತಿಗಳಲ್ಲಿ ಬರುತ್ತದೆ. ಹೆಸರು ಒಂದೇ, ದುಡಿಮೆ ಬೇರೆ. ರ‍್ಯಾಮನ್ನು ಮುಂದೆ ಹೆಚ್ಚಿಸಲು ಬರುವುದೊ ಅಥವಾ ಬೆಸುಗೆ ಹಾಕಿಬಿಟ್ಟಿದ್ದಾರೆಯೊ, ರಿಪೇರಿಯ ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನೂ ಹಣ ಕೊಡುವ ಮೊದಲೇ ಕೇಳಿ ತಿಳಿಯಬೇಕು.

ಈ ಮಾತುಕತೆ ಮುಗಿಯುತ್ತ ಬಂದಿತ್ತು. ಸುಮಾರು 50,000 ರೂಪಾಯಿಯ ಯಂತ್ರ ಸಾಕೆಂದು ನಿಶ್ಚಯವಾಗಿ, ಯಜಮಾನರು ನಿಟ್ಟುಸಿರುಬಿಟ್ಟರು. ಆಗ ಅಧ್ಯಾಪಕರ ದೃಷ್ಟಿ ಬಾಗಿಲ ಬಳಿಗೆ ಹೋಯಿತು. ಮನೆಯ ಹಿರಿಯ ಮಗಳು ಹೊಸ್ತಿಲ ಪಕ್ಕದಲ್ಲಿ ಕುಳಿತು, ಗಾಜು ಸೀಳಿದ ಹಳೆಯ ಮೊಬೈಲಿನಿಂದ ನೋಡಿ ನೋಡಿ ಏನನ್ನೋ ಬರೆದುಕೊಳ್ಳುತ್ತಿದ್ದಳು. ಹಿರಿಯೂರಿನಲ್ಲಿ ಎರಡನೆಯ ವರ್ಷದ ಬಿ.ಕಾಂ. ಓದುತ್ತಿರುವವಳು.

“ನೀನೇನಮ್ಮ ಮಾಡ್ತಿದೀಯಾ?”

“ಪ್ರಾಜೆಕ್ಟ್ ವರದಿ ಸಾರ್. ಇಲ್ಲಿ ಬರ‍್ಕೊಂಡು ಹಿರಿಯೂರಲ್ಲಿ ಟೈಪ್ ಮಾಡಿಸ್ತೀನಿ. ಪುಟಕ್ಕೆ ಇಪ್ಪತ್ತು ರೂಪಾಯಿ.”

“ನಿಂಗೆ ಲ್ಯಾಪ್‌ಟಾಪ್ ಬೇಡ್ವಾ?”

ಆಕೆ ತಂದೆಯ ಮುಖ ನೋಡಿ, “ಯಾರೂ ಕೇಳ್ಲಿಲ್ಲ” ಎಂದಳು. ದೂರಿನ ದನಿಯಿರಲಿಲ್ಲ, ಮಳೆ ಬರಲಿಲ್ಲ ಎನ್ನುವಂತೆ ಹೇಳಿದಳು.

ಪಡಸಾಲೆ ಮೌನವಾಯಿತು. ಶ್ರಾವಣದ ಆ ಸಂಜೆ ಮೂರು ಗಂಟೆಯ ಕಾಲ ನಾವು ಅಲ್ಲಿಯೇ ಕುಳಿತಿದ್ದೆವು. ನಮಗೆ ನೀರು ತಂದಿತ್ತವಳು ಅವಳೇ. ತಮ್ಮನ ಆಟದ ಬಗೆಗೆ ಅಷ್ಟೆಲ್ಲ ಚಿಂತಿಸಿದ ನಮಗೆ ಅಕ್ಕನ ಓದು ಕಾಣಿಸಿರಲಿಲ್ಲ. ಹೆಣ್ಣುಗಂಡೆಂಬ ಭೇದ ಸಲ್ಲದೆಂದು ಪ್ರವಚನದ ಪೀಠದಿಂದ ವರ್ಷವರ್ಷವೂ ಹೇಳುವ ನಮಗೇ ಈ ಕುರುಡಾದರೆ ಯಜಮಾನರನ್ನು ಯಾವ ಬಾಯಿಂದ ದೂರುವುದು? ಆ ಪ್ರಶ್ನೆಯನ್ನು ಅಧ್ಯಾಪಕರು ಕೇಳಿದರು, ನಾವು ಕೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಕೊನೆಗೆ ಆದುದಿಷ್ಟು. ಮಗನಿಗೆ 51,000 ರೂಪಾಯಿಯ ಹೊಸ ಯಂತ್ರ. 16 ಜಿಬಿ ರ‍್ಯಾಮ್, ಹಗುರವಾದದ್ದು. ಮಗಳಿಗೆ, ದುರಸ್ತಿ ಮಾಡಿ ಒಂದು ವರ್ಷದ ವಾರಂಟಿಯೊಡನೆ ಮಾರುವ ಯಂತ್ರಗಳಲ್ಲೊಂದು, 29,000 ರೂಪಾಯಿಗೆ. ಒಟ್ಟು 80,000. ಅವಲಕ್ಕಿ ಸರ ಅಡವಿಗೆ ಹೋಗುವುದು ತಪ್ಪಲಿಲ್ಲ. ಆದರೆ ಸಾಲ 50,000ದಿಂದ 40,000ಕ್ಕೆ ಇಳಿಯಿತು, ಒಂದರ ಬದಲು ಎರಡು ಯಂತ್ರ ಮನೆಗೆ ಬಂದವು. ಮಗನ ಮುಖ ಅಂದು ಪೂರ್ತಿಯಾಗಿ ಅರಳಲಿಲ್ಲವೆಂಬುದನ್ನೂ ಹೇಳಬೇಕು. ಆಸೆ ಒಂದೇ ದಿನದಲ್ಲಿ ಬಿಟ್ಟುಹೋಗುವಂಥದಲ್ಲ.

ಹಳೆಯ ಯಂತ್ರ ಕೊಳ್ಳುವವರಿಗೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ ಪ್ರೊಸೆಸರುಗಳಲ್ಲಿ ಸಾಮಾನ್ಯವಾಗಿ 8ನೆಯ ತಲೆಮಾರು ಅಥವಾ ಆನಂತರದ್ದು ಇರಬೇಕು. ಇದನ್ನು ನೋಡಿಯೇ ಕೊಳ್ಳಿರಿ. ಮೇಲಿನ ಬೆಲೆಗಳನ್ನು ಇಂದಿನ ದರವೆಂದೂ ಭಾವಿಸಬೇಡಿರಿ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ನೆನಪಿನ ಚಿಪ್ಪುಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದ್ದರಿಂದ 2025ರ ಕೊನೆಯ ವೇಳೆಗೆ ರ‍್ಯಾಮಿನ ಬೆಲೆ ಬಹಳವಾಗಿ ಏರಿತು.

ಆಟದ ಬಗೆಗೆ ಇನ್ನೊಂದು ಮಾತು. ಮನಸ್ಸಿನ ದಣಿವಾರಿಸುವ ಆಟ ಬೇರೆ, ಹಣ ಪಣವಿಟ್ಟು ಆಡುವ ಜೂಜು ಬೇರೆ. ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣದ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ. ಉಳಿದ ಆಟಗಳನ್ನು ನಿಷೇಧಿಸಿಲ್ಲ. ತಂದೆತಾಯಿಗಳೂ ಈ ಗೆರೆಯನ್ನು ಅರಿತಿರಬೇಕು. ಆಟಗಳನ್ನು ರಚಿಸುವುದು ಇಂದು ಒಂದು ಗೌರವದ ಕಾಯಕವೂ ಹೌದು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ಕರ್ನಾಟಕ ಸರಕಾರವು 2012ರಷ್ಟು ಹಿಂದೆಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತ್ತು.

ದೀಪಾವಳಿಯ ತರುವಾಯ ನಾವು ಮತ್ತೆ ಆ ಮನೆಗೆ ಹೋಗಿದ್ದೆವು. ಮಗ ರಜೆಗೆ ಬಂದಿದ್ದನು. ಅಕ್ಕನ ಯಂತ್ರದಲ್ಲಿ ನುಡಿ ತಂತ್ರಾಂಶವನ್ನು ಹಾಕಿಕೊಟ್ಟು, ಕನ್ನಡ ಅಕ್ಷರಗಳ ಕೀಲಿಗಳನ್ನು ಅವಳಿಗೆ ತೋರಿಸುತ್ತಿದ್ದನು. ಯಜಮಾನರು ನಗುತ್ತ, “ಈಗ ಆಟ ಆಡೋದಿದ್ರೆ ಆಡ್ತೀನಿ ಅಂತ ಹೇಳೇ ಆಡ್ತಾನೆ ಅಯ್ನೋರೆ” ಎಂದರು.

ಬಂಧುಗಳೆ, ಯಂತ್ರ ಕೊಳ್ಳಲು ಅಂಗಡಿಗೆ ಹೋಗುವ ಮುನ್ನ ಮನೆಯವರೆಲ್ಲ ಒಂದೆಡೆ ಕುಳಿತುಕೊಳ್ಳಿರಿ. ಓದು ಯಾವುದೆಂದು ಕೇಳಿರಿ. ಆಟ ಯಾವುದೆಂದೂ ಕೋಪವಿಲ್ಲದೆ ಕೇಳಿರಿ. ಬಾಗಿಲ ಬಳಿ ಕುಳಿತವರನ್ನು ಕೇಳಲು ಮರೆಯಬೇಡಿರಿ.